ಒಂದು ಧೈವತ, ಇಬ್ಬರು ಹಕ್ಕುದಾರರು

ಪ್ರಶ್ನೆ: ನಾನು ಗಂಗಾವತಿ ಹತ್ತಿರದ ಹಳ್ಳಿಯವನು. ಭಜನಾ ಮಂಡಳಿಯಲ್ಲಿ ಇಪ್ಪತ್ತು ವರ್ಷದಿಂದ ಪೇಟಿ (ಹಾರ್ಮೋನಿಯಂ) ನುಡಿಸುತ್ತಿದ್ದೇನೆ. ಈಚೆಗೆ ಮಗ ಒಂದು ಕೀಬೋರ್ಡ್ ತಂದಿದ್ದಾನೆ. ಅದನ್ನು ಮೊಬೈಲಿನ ಒಂದು ಆಪ್‌ಗೆ ಜೋಡಿಸಿದರೆ ಸಪ್ತಕವನ್ನು ಬೇಕಾದಷ್ಟು ಪಾಲು ಮಾಡಬಹುದು. ನಮ್ಮದು 22 ಶ್ರುತಿ ಅಲ್ವಾ ಎಂದು 22 ಅಂತ ಹಾಕಿದೆ. 4-3-2-4-4-3-2 ಲೆಕ್ಕದಲ್ಲಿ ಸ್ವರ ಎಣಿಸಿ ಕಾರ್ಡ್, ಅಂದರೆ ಮೂರು ಸ್ವರ ಒಟ್ಟಿಗೆ, ಒತ್ತಿದೆ. ಸಾ-ಗ-ಪ ಪರವಾಗಿಲ್ಲ. ಆದರೆ ತಂಬೂರಿ ಹಚ್ಚಿದರೆ ಪಂಚಮ ಕೂಡುವುದಿಲ್ಲ. ಮ-ಧ-ಸಾ ಒತ್ತಿದರಂತೂ ಕಿವಿ ಮುಚ್ಚಿಕೊಳ್ಳಬೇಕು. ಸ್ವರ ಜಾಸ್ತಿ ಆದಷ್ಟೂ ಕಾರ್ಡ್ ಚೆನ್ನಾಗಿ ಬರಬೇಕಲ್ವಾ? ಮೈಕ್ರೋಟೋನಲ್ ಸಂಗೀತದಲ್ಲಿ (ಪೇಟಿಯ ಹನ್ನೆರಡು ಮನೆಗಳ ನಡುವಿನ ಸಣ್ಣ ಅಂತರಗಳನ್ನೂ ಬಳಸುವ ಸಂಗೀತ) ಕಾರ್ಡ್ ಕಟ್ಟುವುದು ಹೇಗೆ? ಯಾವ ಟ್ಯೂನಿಂಗ್ ಒಳ್ಳೆಯದು?

ಉತ್ತರ: ಮಾಸ್ತರೇ, ನಿಮ್ಮ ಕಿವಿ ಸರಿಯಾಗಿದೆ. ಆಪ್ ಕೂಡ ನೀವು ಹೇಳಿದ್ದನ್ನೇ ಮಾಡಿದೆ. ಎಡವಟ್ಟಾಗಿರುವುದು 22 ಎಂಬ ಅಂಕಿಯಲ್ಲಿ. ಆಪ್‌ನ 22 ಬೇರೆ, ನಾಟ್ಯಶಾಸ್ತ್ರದ ಭರತನ 22 ಬೇರೆ.

ಮೊದಲು ಅಳತೆಯ ಮಾತು ಮುಗಿಸೋಣ. ಸ್ವರಗಳ ನಡುವಿನ ಅಂತರ ಅಳೆಯಲು ಸೆಂಟ್ ಎಂಬ ಲೆಕ್ಕ ಇದೆ. 1880ರ ದಶಕದಲ್ಲಿ ಅಲೆಕ್ಸಾಂಡರ್ ಎಲ್ಲಿಸ್ ಎಂಬ ಇಂಗ್ಲಿಷ್ ವಿದ್ವಾಂಸ ಬಳಕೆಗೆ ತಂದದ್ದು. ನಮ್ಮ ಬಳ್ಳಾರಿಯಲ್ಲಿ ಸೆಂಟ್ ಎಂದರೆ ಜಾಗದ ಅಳತೆ, ನೂರು ಸೆಂಟಿಗೆ ಒಂದು ಎಕರೆ. ನಿಮ್ಮ ಕಡೆ ಗುಂಟೆಯಲ್ಲಿ ಮಾತಾಡುತ್ತೀರಿ, ಆದರೂ ಸೆಂಟ್ ಕೇಳಿಯೇ ಇರುತ್ತೀರಿ. ಪೇಟಿಯಲ್ಲೂ ಹಾಗೇ. ಒಂದು ಮನೆಯಿಂದ ಅದರ ಪಕ್ಕದ ಮನೆಗೆ, ಕರಿಯಿರಲಿ ಬಿಳಿಯಿರಲಿ, 100 ಸೆಂಟ್. ಸಾ ಇಂದ ಮೇಲಿನ ಸಾ ತನಕ 12 ಮನೆ, 1200 ಸೆಂಟ್. ಹನ್ನೆರಡು ಎಕರೆ ಹೊಲ ಅಂದುಕೊಳ್ಳಿ.

ಆಪ್‌ಗೆ 22 ಎಂದು ಹೇಳಿದರೆ ಅದು ಆ ಹನ್ನೆರಡು ಎಕರೆಯನ್ನು 22 ಸಮಪಾಲು ಮಾಡುತ್ತದೆ. ಒಂದೊಂದು ಪಾಲು ಸುಮಾರು 54.5 ಸೆಂಟ್. ನಮ್ಮ 22 ಶ್ರುತಿ ಸಮಪಾಲಲ್ಲ. ನಾಟ್ಯಶಾಸ್ತ್ರದಲ್ಲಿ ಶ್ರುತಿಗಳ ಎಣಿಕೆ ಇದೆ, ತಂತಿಯ ಉದ್ದದ ಲೆಕ್ಕ ಇಲ್ಲ. ಆಮೇಲಿನವರು ತಂತಿಯ ಲೆಕ್ಕಕ್ಕೆ ಹೊಂದಿಸಿಕೊಂಡ 22 ಶ್ರುತಿಯಲ್ಲಿ ಮೂರು ಅಳತೆಯ ಪಾಲುಗಳಿವೆ: ಸುಮಾರು 22 ಸೆಂಟ್, 71 ಸೆಂಟ್, 90 ಸೆಂಟ್. ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಹಾಗೆ. ಒಬ್ಬನಿಗೆ ಎರೆ ಹೊಲ, ಒಬ್ಬನಿಗೆ ಮಸಾರಿ, ಇನ್ನೊಬ್ಬನಿಗೆ ಬರೀ ಬದು.

ಈಗ ನಿಮ್ಮ ಪಂಚಮ ನೋಡಿ. 13 ಪಾಲು ಎಣಿಸಿದ್ದೀರಿ. ಸಮಪಾಲಿನಲ್ಲಿ ಅದು 709 ಸೆಂಟಿಗೆ ಹೋಗಿ ಕೂತಿದೆ. ತಂಬೂರಿಯಲ್ಲಿ ನೀವು ಕಿವಿಯಿಂದ ಕೂಡಿಸಿದ ಪಂಚಮ 702ರಲ್ಲಿ ಇರುತ್ತದೆ. ಏಳು ಸೆಂಟ್ ಏರು. ಅದಕ್ಕೇ ಕೂಡಲಿಲ್ಲ. ಮ-ಧ-ಸಾ ಗತಿ ಇನ್ನೂ ಕಷ್ಟ. ಮಧ್ಯಮದಿಂದ ಧೈವತಕ್ಕೆ ನಿಮ್ಮ ಎಣಿಕೆಯಲ್ಲಿ 4+4, ಎಂಟು ಪಾಲು, 436 ಸೆಂಟ್. ಅಲ್ಲಿ ಬೇಕಾಗಿದ್ದದ್ದು 386. ಐವತ್ತು ಸೆಂಟ್, ಅರ್ಧ ಎಕರೆ ಒತ್ತುವರಿ! ಕಿವಿ ತಕರಾರು ಮಾಡದೆ ಇರುತ್ತದೆಯೇ?

ಈ 386, 702 ಎಲ್ಲಿಂದ ಬಂದವು? ಕಾರ್ಡ್ ಎಂದರೆ ಏನು ಎನ್ನುವುದೇ ಆ ಪ್ರಶ್ನೆಯೊಳಗೆ ಇದೆ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಲೆಕ್ಕ ಸುಲಭ ಆಗಲಿ ಅಂತ ಸಾ ಅನ್ನು ಸೆಕೆಂಡಿಗೆ 240 ಕಂಪನ ಎಂದು ಇಟ್ಟುಕೊಳ್ಳೋಣ. ಪೇಟಿಯ ರೀಡ್ 240 ಒಂದನ್ನೇ ನುಡಿಯುವುದಿಲ್ಲ. ಅದರ ಜೊತೆಗೆ 480, 720, 960, 1200 ಹೀಗೆ ಅದರ ಮಗ್ಗಿ ಎಲ್ಲವೂ ಸಣ್ಣಗೆ ಕೇಳುತ್ತಿರುತ್ತದೆ. ಗಂಧಾರ 300 ಆಗಿದ್ದರೆ ಅದರ ಮಗ್ಗಿ 600, 900, 1200. ಎರಡೂ 1200ರಲ್ಲಿ ಕೈ ಕುಲುಕುತ್ತವೆ. ಪಂಚಮ 360 ಆದರೆ ಅದು 720ರಲ್ಲೇ ಸಾ ಜೊತೆ ಸೇರುತ್ತದೆ. 240, 300, 360. ಎಲ್ಲಕ್ಕೂ 60ರಿಂದ ಭಾಗಿಸಿ: 4, 5, 6. ನಾವು ಸಾ-ಗ-ಪ ಎಂದು ಒತ್ತುವ ಕಾರ್ಡಿನ ಒಳಗುಟ್ಟು ಇಷ್ಟೇ. 300ಕ್ಕೂ 240ಕ್ಕೂ ಇರುವ ಅಂತರ 386 ಸೆಂಟ್, 360ಕ್ಕೂ 240ಕ್ಕೂ 702.

ಪೇಟಿಯ ಗಂಧಾರ ಇರುವುದು 400 ಸೆಂಟಿನಲ್ಲಿ. ಅಂದರೆ 300 ಅಲ್ಲ, 302.4. ಅದರ ನಾಲ್ಕರಷ್ಟು 1209.5. ಸಾ-ದ ಐದರಷ್ಟು 1200. ನಡುವೆ ಒಂಬತ್ತೂವರೆ ವ್ಯತ್ಯಾಸ. ಸೆಕೆಂಡಿಗೆ ಒಂಬತ್ತೂವರೆ ಸಲ ಸದ್ದು ಏರಿ ಇಳಿಯುತ್ತದೆ.

ಇದನ್ನು ನೀವೇ ಕೇಳಬಹುದು. ಫ್ಯಾನು ಆರಿಸಿ. ಕರೆಂಟು ಹೋದಾಗಲಾದರೆ ಇನ್ನೂ ಒಳ್ಳೆಯದು, ಪಕ್ಕದ ಮನೆಯ ಟಿವಿಯೂ ಬಂದ್ ಆಗಿರುತ್ತದೆ. ಪೇಟಿಯ ಒಂದೇ ಸಾಲಿನ ರೀಡ್ ನುಡಿಯುವ ಹಾಗೆ ಉಳಿದ ಸ್ಟಾಪ್ ಮುಚ್ಚಿ. ಎರಡು ಸಾಲು ತೆರೆದಿದ್ದರೆ ಅವೇ ತಮ್ಮತಮ್ಮಲ್ಲಿ ಜಗಳ ಆಡುತ್ತವೆ. ಗಾಳಿ ಒಂದೇ ಸಮ ಬಿಡುತ್ತಾ ಸಾ-ಪ ಹಿಡಿಯಿರಿ. ನಿಧಾನವಾದ ಒಂದು ತೂಗಾಟ ಕೇಳುತ್ತದೆ, ಸೆಕೆಂಡಿಗೆ ಒಂದಕ್ಕಿಂತ ಸ್ವಲ್ಪ ಕಡಿಮೆ. ತೊಟ್ಟಿಲು ತೂಗಿದ ಹಾಗೆ. ಈಗ ಪಂಚಮ ಬಿಟ್ಟು ಸಾ-ಗ ಹಿಡಿಯಿರಿ. ತೊಟ್ಟಿಲು ಹೋಗಿ ಗಿರಣಿ ಬಂತು. ಗರಗರ ಅಂತ ವೇಗದ ನಡುಕ. ಇಪ್ಪತ್ತು ವರ್ಷ ಕೇಳಿ ಕೇಳಿ ಅದೇ ಪೇಟಿಯ ಧ್ವನಿ ಅಂದುಕೊಂಡಿರುತ್ತೇವೆ. ಆಕಾಶವಾಣಿಯಲ್ಲಿ 1940ರಿಂದ 1971ರ ತನಕ ಪೇಟಿಗೆ ನಿಷೇಧ ಇತ್ತಲ್ಲ, ಆಗ ಪೇಟಿಯ ಮೇಲೆ ಹೇಳುತ್ತಿದ್ದ ದೂರುಗಳಲ್ಲಿ ಈ ಸ್ಥಿರ ಸ್ವರದ ದೂರೂ ಒಂದು. ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಬರುವುದಿಲ್ಲ ಎನ್ನುವುದು ಇನ್ನೊಂದು. ನಿಷೇಧ ಮಾಡಿದ್ದು ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ಆದರೆ ದೂರಿನಲ್ಲಿ ಹುರುಳಿರಲಿಲ್ಲ ಎನ್ನಲಾರೆ.

ಹಾಗಾಗಿ ಕಾರ್ಡ್ ಹುಟ್ಟುವುದು ಮನೆಗಳ ಸಂಖ್ಯೆಯಿಂದ ಅಲ್ಲ, 4-5-6ರಂಥ ಚಿಕ್ಕ ಅಂಕಿಗಳ ನಂಟಿನಿಂದ. ಯಾವುದೇ ಟ್ಯೂನಿಂಗ್ ತೆಗೆದುಕೊಳ್ಳಿ, ಅದರ ಮನೆಗಳು ಆ ನಂಟಿನ ಜಾಗಕ್ಕೆ ಎಷ್ಟು ಹತ್ತಿರ ಬೀಳುತ್ತವೆ ಎನ್ನುವುದೇ ಪ್ರಶ್ನೆ. ನಂಬಿಕೆ ಬರದಿದ್ದರೆ ಆಪ್‌ನಲ್ಲಿ ಸುಮ್ನೆ 13 ಅಂತ ಹಾಕಿ ನೋಡಿ. ನಿಮ್ಮ ಪೇಟಿಗಿಂತ ಒಂದೇ ಒಂದು ಮನೆ ಜಾಸ್ತಿ. ಪಂಚಮವೇ ನಾಪತ್ತೆ! ಏಳನೆಯ ಮನೆ 646, ಎಂಟನೆಯದು 738. ನಮಗೆ ಬೇಕಾದ 702 ಎರಡರ ನಡುವೆ ಬಿದ್ದುಹೋಗಿದೆ.

ಇನ್ನು ತಂಬೂರಿ. ಕಾರ್ಡ್ ಎಂಬುದು ಪರದೇಶದ ಮಾಲು, ನಮ್ಮಲ್ಲಿ ಇರಲಿಲ್ಲ ಎಂದು ಹೇಳುವವರಿಗೆ ನಾನು ತಂಬೂರಿ ತೋರಿಸುತ್ತೇನೆ. ಪ-ಸಾ-ಸಾ-ಸಾ ಮೀಟುತ್ತೀರಿ. ನಾಲ್ಕನೆಯ ತಂತಿ, ಖರಜ ಎಂಬ ಕೆಳಗಿನ ಸಾ, ನಮ್ಮ ಲೆಕ್ಕದಲ್ಲಿ 120. ಸೇತುವೆಯ ಮೇಲಿನ ದಾರ ಸರಿಯಾಗಿ ಕೂತು ಜವಾರಿ, ಅಂದರೆ ತಂತಿಯ ಝೇಂಕಾರ, ಬಂದಾಗ (ನಮ್ಮ ಕಡೆ ಜವಾರಿ ಎಂದರೆ ಬದನೆಕಾಯಿ, ಕೋಳಿ ನೆನಪಾಗುತ್ತದೆ, ಇದು ಆ ಜವಾರಿ ಅಲ್ಲ) ಆ ಒಂದೇ ತಂತಿಯಿಂದ 600 ಸ್ಪಷ್ಟವಾಗಿ ಕೇಳುತ್ತದೆ. ಅದೇ ಗಂಧಾರ, 300ರ ಇಮ್ಮಡಿ. ಯಾರೂ ಮೀಟಿಲ್ಲ, ಯಾರೂ ಹಾಡಿಲ್ಲ, ಆದರೂ ಕಾರ್ಡ್ ತುಂಬಿದೆ. ಇನ್ನೂ ಕಿವಿಗೊಟ್ಟರೆ 840 ಇರುತ್ತದೆ. ಅದು 420ರ ಇಮ್ಮಡಿ. 4, 5, 6 ಆದಮೇಲೆ ಬರುವ 7. ಕೋಮಲ, ಅಂದರೆ ಒಂದು ಮನೆ ಇಳಿಸಿದ, ನಿಷಾದದ ಹಾಗೆ ಕೇಳುತ್ತದೆ. ಆದರೆ ಪೇಟಿಯ ಕೋಮಲ ನಿ 1000 ಸೆಂಟ್, ಇದು 969. ಮೂವತ್ತೊಂದು ಸೆಂಟ್ ಕೆಳಗೆ.

ಮೈಕ್ರೋಟೋನಲ್ ಕಾರ್ಡಿನ ರುಚಿ ನೋಡಬೇಕಾದರೆ ಮೊದಲು ಇದನ್ನೇ ಕೇಳಿ: 240, 300, 360, 420. ಪೇಟಿಯಲ್ಲಿ ಸಾ-ಗ-ಪ-ಕೋಮಲ ನಿ ಒತ್ತಿದರೆ ಎಲ್ಲಿಗೋ ಹೊರಟ ಹಾಗೆ, ಮುಂದಿನ ಕಾರ್ಡ್ ಬೇಡುವ ಹಾಗೆ ಇರುತ್ತದೆ. ಈ ಕಾರ್ಡ್ ಹಾಗಲ್ಲ. ಬಂದು ಕೂತುಬಿಡುತ್ತದೆ. ನಾಲ್ಕೂ ಸ್ವರ 60 ಎಂಬ ಒಂದೇ ತಾಯಿಯ ಮಕ್ಕಳು. ಒಳ್ಳೆ ಸ್ಪೀಕರ್ ಇದ್ದರೆ ಯಾರೂ ನುಡಿಸದ ಆ 60ರ ಗುಂಯ್‌ಗುಡುವಿಕೆ ಕೂಡ ಕೇಳಿದ ಹಾಗೆ ಆಗುತ್ತದೆ.

ಇಷ್ಟು ಸುಲಭ ಇದ್ದರೆ ಎಲ್ಲರೂ ಎಲ್ಲ ಮನೆಯನ್ನೂ ಹೀಗೇ ಶುದ್ಧವಾಗಿ ಕೂಡಿಸಿ ಮುಗಿಸುತ್ತಿದ್ದರಲ್ಲ? ನಾನೂ ಹಾಗೇ ಅಂದುಕೊಂಡಿದ್ದೆ. ಇಲ್ಲಿ ನನ್ನ ಸ್ವಂತ ಎಡವಟ್ಟೊಂದನ್ನು ಹೇಳಿಬಿಡುತ್ತೇನೆ.

ರೀಡ್ ಕೆಲಸ ಆಗಷ್ಟೇ ಕೈಗೆ ಬಂದಿತ್ತು. ರೀಡಿನ ನಾಲಿಗೆಯ ತುದಿ ಉಜ್ಜಿದರೆ ಸ್ವರ ಏರುತ್ತದೆ, ಬುಡದ ಹತ್ತಿರ ಉಜ್ಜಿದರೆ ಇಳಿಯುತ್ತದೆ. ಕೆಳಗೆ ತೆಳ್ಳನೆಯ ಬ್ಲೇಡು ಕೊಟ್ಟು, ಸಣ್ಣ ಅರದಿಂದ ಎರಡು ಸಲ ಎಳೆದು, ಮತ್ತೆ ಹಾಕಿ ಕೇಳಿ, ಮತ್ತೆ ತೆಗೆದು. ಕೊಪ್ಪಳದ ಜಾತ್ರೆಗೆ ಕ್ಯಾಂಪ್ ಹಾಕಿದ್ದ ಒಂದು ನಾಟಕ ಕಂಪನಿಯ ಕಾಲುಪೇಟಿ ಕೈಗೆ ಬಂತು. ಮಾಸ್ತರು ಊರಿಗೆ ಹೋಗಿದ್ದರು. ಬರುವುದರೊಳಗೆ ಅಚ್ಚರಿ ಮಾಡೋಣ ಅಂತ, ಬಿಳಿ ಒಂದನ್ನು, ಅಂದರೆ ಮೊದಲ ಬಿಳಿ ಮನೆಯನ್ನು, ಸಾ ಇಟ್ಟುಕೊಂಡು, ಎಲ್ಲ ಸ್ವರವನ್ನೂ ಶುದ್ಧ ನಂಟಿಗೆ ತಂದೆ. ನಮ್ಮ 240ರ ಲೆಕ್ಕದಲ್ಲಿ ಹೇಳುವುದಾದರೆ ಸಾ 240, ರೇ 270, ಗ 300, ಮ 320, ಪ 360, ಧ 400, ನಿ 450. ಸಾ-ಗ-ಪ ಒತ್ತಿದರೆ ಹಾಲಿನ ಹಾಗೆ. ಮ-ಧ-ಸಾ ಕೂಡ ಹಾಗೇ: 320, 400, 480. ನಾನೇ ಕೂತು ಅರ್ಧ ಗಂಟೆ ಒತ್ತಿ ಒತ್ತಿ ಖುಷಿಪಟ್ಟೆ.

ರಾತ್ರಿ ನಾಟಕ. ಮೊದಲ ಪಾತ್ರಧಾರಿ ಬಿಳಿ ಒಂದರಲ್ಲಿ ಹಾಡಿದ, ಎಲ್ಲರೂ ತಲೆದೂಗಿದರು. ಎರಡನೆಯವನು ಬಿಳಿ ಎರಡು. ಮಾಸ್ತರು ಶ್ರುತಿ ಕೊಡಲು ಸಾ-ಪ ಹಿಡಿದರು ನೋಡಿ, ಪೇಟಿ ಗುರ್ ಅಂತು. ಕಾರ್ಡ್ ಕೂಡ ಅಲ್ಲ, ಬರೀ ಸಾ-ಪ! ನಟ ಹಾಡು ಎತ್ತದೆ ಕೆಳಗೆ ನೋಡಿದ. ಮಾಸ್ತರು ಪೇಟಿಯ ಮೇಲೆ ಒಂದು ಏಟು ಕೊಟ್ಟು ಮತ್ತೆ ಹಿಡಿದರು. ಮತ್ತೆ ಗುರ್. ಆಮೇಲೆ ನನ್ನ ಕಡೆ ತಿರುಗಿದರು. ಆ ನೋಟ ಇನ್ನೂ ಮರೆತಿಲ್ಲ.

ಆಗಿದ್ದು ಇಷ್ಟು. ಬಿಳಿ ಎರಡು ಎಂದರೆ ನನ್ನ 270. ಅದಕ್ಕೆ ಸರಿಯಾದ ಪಂಚಮ 405 ಆಗಬೇಕು. ನಾನು ಅಲ್ಲಿ ಇಟ್ಟದ್ದು 400, ಮಧ್ಯಮಕ್ಕೆ ಒಪ್ಪುವ ಧೈವತ. 270ರ ಮೂರರಷ್ಟು 810, 400ರ ಎರಡರಷ್ಟು 800. ಸೆಕೆಂಡಿಗೆ ಹತ್ತು ಹೊಡೆತ. ಮಧ್ಯಮ ಕೇಳುವುದು 400, ರಿಷಭ ಕೇಳುವುದು 405. ಮನೆ ಒಂದೇ. ಹಕ್ಕುದಾರರು ಇಬ್ಬರು. ಅವತ್ತು ಬೆಳಗಿನ ಜಾವದ ತನಕ ಪೆಟ್ರೋಮ್ಯಾಕ್ಸ್ ಬೆಳಕಲ್ಲಿ ಕೂತು ಎಲ್ಲವನ್ನೂ ಹಳೆಯ ಜಾಗಕ್ಕೆ ತಂದೆ. ಎರಡು ರೀಡ್ ಮುರಿದವು. ದುಡ್ಡು ನನ್ನದೇ.

ಮೈಕ್ರೋಟೋನಲ್ ಕಾರ್ಡಿನ ಕಥೆ ಎಲ್ಲ ಈ 400 ಮತ್ತು 405ರ ಜಗಳವೇ. ವ್ಯತ್ಯಾಸ 80ಕ್ಕೆ 81, ಸೆಂಟಿನಲ್ಲಿ 21.5. ಇಂಗ್ಲಿಷಿನವರು ಕಾಮಾ ಎನ್ನುತ್ತಾರೆ. ಭರತನಿಗೆ ಇದು ಗೊತ್ತಿತ್ತು ಎಂದು ನನ್ನ ನಂಬಿಕೆ. ಸಂವಾದಿ, ಅಂದರೆ ಒಂದಕ್ಕೊಂದು ಕೂಡುವ, ಸ್ವರಗಳ ನಡುವೆ 9 ಅಥವಾ 13 ಶ್ರುತಿ ಇರಬೇಕು ಎಂದ. ಎರಡು ವೀಣೆ ಇಟ್ಟುಕೊಂಡು, ಒಂದನ್ನು ಹಾಗೇ ಬಿಟ್ಟು ಇನ್ನೊಂದರ ಪಂಚಮವನ್ನು ಒಂದು ಶ್ರುತಿ ಇಳಿಸಿ ಷಡ್ಜ ಗ್ರಾಮ ಎಂಬ ಸ್ವರಜೋಡಣೆಯಿಂದ ಮಧ್ಯಮ ಗ್ರಾಮಕ್ಕೆ ಹೋಗುವುದನ್ನು ತೋರಿಸಿದ. ಆ ಒಂದು ಇಳಿಕೆಗೆ ಪ್ರಮಾಣ ಶ್ರುತಿ ಎಂದು ಹೆಸರು. ಈಗಿನ ಬಹಳ ಜನ ಅದನ್ನು ಇದೇ 80:81 ಎಂದು ಓದುತ್ತಾರೆ. ನಿಮ್ಮ 4-3-2-4-4-3-2 ಎಣಿಕೆಗೆ ವಾಪಸ್ ಬನ್ನಿ. ಪಂಚಮದಿಂದ ಧೈವತಕ್ಕೆ 4 ಹಾಕಿದರೆ ರೇ-ಧ 13 ಆಗುತ್ತದೆ, ರಿಷಭ ಖುಷಿ, ಆದರೆ ಮ-ಧ ಕೆಡುತ್ತದೆ. 3 ಹಾಕಿದರೆ ಮಧ್ಯಮ ಖುಷಿ, ಆದರೆ ರೇ-ಧ 12ಕ್ಕೆ ಇಳಿದು ಹಾಳಾಗುತ್ತದೆ. ನಿಜವಾದ ಶ್ರುತಿಯಲ್ಲಿ ಆ ಜಗಳದ ಪಾಲು 22 ಸೆಂಟ್ ಮಾತ್ರ. ಆಪ್‌ನ ಸಮಪಾಲಿನಲ್ಲಿ ಅದು 54.5 ಆಗಿ ಊದಿಕೊಂಡಿದೆ. ನಿಮ್ಮ ಮ-ಧ-ಸಾ ಅಷ್ಟು ಕೆಟ್ಟದಾಗಿ ಕೇಳಲು ದೊಡ್ಡ ಕಾರಣ ಇದೇ.

ಲೋಕದ ಟ್ಯೂನಿಂಗ್‌ಗಳೆಲ್ಲ ಈ ವ್ಯಾಜ್ಯಕ್ಕೆ ಬೇರೆಬೇರೆ ಪಂಚಾಯಿತಿ ಮಾಡಿದ ತೀರ್ಪುಗಳು. ಪೇಟಿಯ 12 ಸಮಪಾಲಿನ ತೀರ್ಪು 403.6. ಇಬ್ಬರಿಗೂ ಪೂರ್ತಿ ಇಲ್ಲ, ಇಬ್ಬರಿಗೂ ಉಪವಾಸ ಇಲ್ಲ. ಯಾವ ಮನೆಯನ್ನು ಸಾ ಮಾಡಿದರೂ ಒಂದೇ ರೀತಿ. ನಾಟಕದವರಿಗೆ ಬೇಕಾದದ್ದು ಅದೇ.

ಯುರೋಪಿನ ಹಳೆಯ ಆರ್ಗನ್‌ಗಳಲ್ಲಿ ಬೇರೆ ತೀರ್ಪು ಇತ್ತು. ಗಂಧಾರವನ್ನು ಶುದ್ಧ ಇಟ್ಟು, ಪಂಚಮಗಳನ್ನೆಲ್ಲ (ಒಂದೊಂದು ಮನೆಯನ್ನು ಸಾ ಮಾಡಿ ಎಣಿಸಿದ ಪಂಚಮ) ಐದೈದು ಸೆಂಟ್ ಇಳಿಸಿಬಿಡುವುದು. ಹನ್ನೊಂದು ಪಂಚಮ ಸ್ವಲ್ಪಸ್ವಲ್ಪ ಬಿಟ್ಟುಕೊಡುತ್ತವೆ. ಅಷ್ಟೂ ಸೇರಿ ಹನ್ನೆರಡನೆಯದರ ತಲೆ ಮೇಲೆ ಬೀಳುತ್ತದೆ, ಅದು 738ಕ್ಕೆ ಹೋಗಿ ಊಳಿಡುತ್ತದೆ. ಅವರು ಅದಕ್ಕೆ ತೋಳ ಎಂದೇ ಹೆಸರಿಟ್ಟರು. ನಿಮ್ಮ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಧಾಮ ಇದೆಯಲ್ಲ, ಆರ್ಗನ್ನಿನವರು ಮಾಡಿದ್ದೂ ಅದನ್ನೇ. ತೋಳಕ್ಕೆ ಒಂದು ಜಾಗ ಬಿಟ್ಟುಕೊಟ್ಟು ಆ ಕಡೆ ಹೋಗದೆ ನುಡಿಸಿದರು.

ಮನೆ ಹೆಚ್ಚಿಸಿ ತೋಳ ಓಡಿಸಿದವರೂ ಇದ್ದಾರೆ. 31 ಸಮಪಾಲಿನ ಲೆಕ್ಕವನ್ನು 1691ರಲ್ಲಿ ಹಾಲೆಂಡಿನ ವಿಜ್ಞಾನಿ ಕ್ರಿಸ್ಟಿಯಾನ್ ಹಾಯ್ಗನ್ಸ್ ಬರೆದಿಟ್ಟ. ಅದನ್ನು ಹಿಡಿದು ಅಲ್ಲಿನವರೇ ಆದ ಫೋಕರ್ ಎಂಬ ಭೌತವಿಜ್ಞಾನಿ 31 ಸ್ವರದ ಆರ್ಗನ್ ಕಟ್ಟಿಸಿದರು, 1950ರಲ್ಲಿ ಅದು ಹಾರ್ಲೆಮ್ ಊರಿನ ಮ್ಯೂಸಿಯಂನಲ್ಲಿ ನುಡಿಯಿತು. 31ರಲ್ಲಿ ಗಂಧಾರ 387, ಹೆಚ್ಚೂ ಕಡಿಮೆ ಪಕ್ಕಾ. ನಾನು ಮೇಲೆ ಹೇಳಿದ 7ರ ನಿಷಾದ 968, ಅದೂ ಪಕ್ಕಾ. ಪಂಚಮ ಮಾತ್ರ 697, ಐದು ಸೆಂಟ್ ಇಳಿದಿದೆ. ಕಾರ್ಡ್‌ಗಾಗಿಯೇ ಒಂದು ಟ್ಯೂನಿಂಗ್ ಆರಿಸು ಎಂದರೆ ನನ್ನ ಓಟು 31ಕ್ಕೆ. ತಂಬೂರಿ ಜೊತೆಗೆ ಮಾತ್ರ ಬೇಡ, ಆ ಪಂಚಮ ನಮ್ಮ ಕಿವಿಗೆ ಸಪ್ಪೆ.

19 ಸಮಪಾಲು ಇನ್ನೊಂದು. ಅದರ ಕೋಮಲ ಗಂಧಾರ 315.8, ಶುದ್ಧ ಅಳತೆ 315.6. ಇದಕ್ಕಿಂತ ಹತ್ತಿರ ಇನ್ನೇನು ಬೇಕು! ಸಾ-ಕೋಮಲ ಗ-ಪ ಕಾರ್ಡ್ ಅಲ್ಲಿ ತುಂಬಾ ಮೆತ್ತಗೆ ಕೂಡುತ್ತದೆ. ಪಂಚಮ ಏಳು ಸೆಂಟ್ ಕಮ್ಮಿ.

ಈ ವಿದ್ಯೆ ಹೊರಗಿನವರದ್ದು ಮಾತ್ರ ಅಂದುಕೊಳ್ಳಬೇಡಿ. ನಿಮ್ಮ ಆನೆಗುಂದಿಯಿಂದ ಹೊಳೆ ದಾಟಿದರೆ ಹಂಪಿ. ಅಲ್ಲಿ ಅಳಿಯ ರಾಮರಾಯನ ಕಾಲದಲ್ಲಿ, 1550ರಲ್ಲಿ, ರಾಮಾಮಾತ್ಯ ಸ್ವರಮೇಳಕಲಾನಿಧಿ ಬರೆದ. ವೀಣೆಗೆ ಮೆಟ್ಟಿಲು ಹಾಕುವ ಕ್ರಮವನ್ನು ಅದರಲ್ಲಿ ವಿವರವಾಗಿ ಹೇಳಿದ್ದಾನೆ. ಅಂತರ ಗಾಂಧಾರ, ಕಾಕಲಿ ನಿಷಾದಗಳಿಗೆ (ಗ, ನಿಗಳ ಏರಿಸಿದ ರೂಪಗಳು) ಬೇರೆ ಮೆಟ್ಟಿಲು ಹಾಕಲು ಹೋದರೆ ಅವು ಪಕ್ಕದ ಮೆಟ್ಟಿಲಿಗೆ ತೀರಾ ಅಂಟಿಕೊಳ್ಳುತ್ತವೆ, ನುಡಿಸಲು ಆಗುವುದಿಲ್ಲ. ಹಾಗಾಗಿ ಪಕ್ಕದ ಮೆಟ್ಟಿಲಿನ ಸ್ವರವೇ ಅವುಗಳ ಪ್ರತಿನಿಧಿ ಎಂದುಬಿಟ್ಟ. ಎಂಥ ಮಾತು ನೋಡಿ, ಪ್ರತಿನಿಧಿ! ಇಬ್ಬರು ಹಕ್ಕುದಾರರಿಗೆ ಒಂದೇ ಮನೆ ಎಂದು ಬೆರಳಿನ ಅನುಕೂಲ ನೋಡಿ ತೀರ್ಪು ಕೊಟ್ಟವನು ಅವನು. ನಿಮ್ಮ ಪೇಟಿಯ ಪ್ರತಿ ಮನೆಯೂ ಇಂಥ ಪ್ರತಿನಿಧಿಯೇ.

ಇಲ್ಲಿಯ ತನಕ ಹಳೆ ಕಾರ್ಡ್‌ಗಳನ್ನೇ ಚೊಕ್ಕ ಮಾಡುವ ಮಾತಾಯಿತು. ಪೇಟಿಯಲ್ಲಿ ಇಲ್ಲವೇ ಇಲ್ಲದ ಕಾರ್ಡ್‌ಗಳೂ ಇವೆ. ಕೋಮಲ ಗಂಧಾರಕ್ಕೂ ಶುದ್ಧ ಗಂಧಾರಕ್ಕೂ ಸರಿಯಾಗಿ ನಡುವೆ, 350 ಸೆಂಟಿನಲ್ಲಿ ಒಂದು ಗಂಧಾರ ಇಡಿ. ಆಪ್‌ನಲ್ಲಿ 24 ಹಾಕಿದರೆ ಸಿಗುತ್ತದೆ, ಏಳನೆಯ ಮನೆ. ಸಾ, ಆ ಗಂಧಾರ, ಪ. ನಗುತ್ತಿದೆಯೋ ಅಳುತ್ತಿದೆಯೋ ಹೇಳಲು ಬರುವುದಿಲ್ಲ. ಅರಬರ ರಾಸ್ತ್ ಮಕಾಮಿನ (ಮಕಾಮ್ ಅಂದರೆ ನಮ್ಮ ರಾಗದ ಹಾಗೆ) ಗಂಧಾರ ಇದರ ಆಸುಪಾಸಿನದು. ಅವರಲ್ಲೂ ಈ 24 ಸಮಪಾಲು ಸರಿಯೇ ತಪ್ಪೇ ಎಂದು 1932ರ ಕೈರೋ ಸಮ್ಮೇಳನದಲ್ಲಿ ಜೋರು ಚರ್ಚೆ ಆಗಿತ್ತು. ಇನ್ನೊಂದು, 240-280-360. ಅಂಕಿಯಲ್ಲಿ 6-7-9. ಇದರ ಗಂಧಾರ 267 ಸೆಂಟ್, ಪೇಟಿಯ ಕೋಮಲಕ್ಕಿಂತ 33 ಸೆಂಟ್ ಕೆಳಗೆ. ತೀರಾ ಕತ್ತಲೆ ಬಣ್ಣ. ನನಗೆ ರಾತ್ರಿ ಹೊತ್ತು ಇಷ್ಟ ಆಗುತ್ತದೆ, ಬೆಳಿಗ್ಗೆ ಕೇಳಿದರೆ ಸೇರುವುದಿಲ್ಲ.

ಮೇಲಿನ ಸಾ-ಯನ್ನೇ ಬಿಟ್ಟುಕೊಟ್ಟ ಪದ್ಧತಿಯೂ ಒಂದಿದೆ. ಬೋಲೆನ್-ಪಿಯರ್ಸ್ ಅಂತ. ಸಾ ಎರಡರಷ್ಟಾದಾಗ ಅಲ್ಲ, ಮೂರರಷ್ಟಾದಾಗ ಸುತ್ತು ಮುಗಿಯುತ್ತದೆ. ಆ ಅಂತರವನ್ನು 13 ಪಾಲು ಮಾಡುತ್ತಾರೆ, ಒಂದು ಪಾಲು 146 ಸೆಂಟ್. ಅಲ್ಲಿನ ಮುಖ್ಯ ಕಾರ್ಡ್ 3-5-7. ಕ್ಲಾರಿನೆಟ್‌ನ ಕೆಳಸ್ವರಗಳಲ್ಲಿ ಬೆಸ ಮಗ್ಗಿಯೇ ಜೋರು, ಹಾಗಾಗಿ ಅದರಲ್ಲಿ ಇದು ಚೆನ್ನಾಗಿ ಹೊಂದುತ್ತದೆ. ಪೇಟಿಯಲ್ಲಿ ಹೊಂದುವುದಿಲ್ಲ. ಇದನ್ನು ಬೇಕಂತಲೇ ಹೇಳಿದೆ. ಟ್ಯೂನಿಂಗ್ ಒಂದೇ ನೋಡಿದರೆ ಸಾಲದು, ಯಾವ ವಾದ್ಯದ ಧ್ವನಿ ಎನ್ನುವುದನ್ನೂ ನೋಡಬೇಕು. ಕೀಬೋರ್ಡಿನಲ್ಲಿ ಕೊಳಲಿನ ಧ್ವನಿ ಇಟ್ಟರೆ ಎಷ್ಟೋ ತಪ್ಪು ಮುಚ್ಚಿಹೋಗುತ್ತವೆ, ಅದರಲ್ಲಿ ಮಗ್ಗಿ ಕಡಿಮೆ. ಹಾರ್ಮೋನಿಯಂ ಧ್ವನಿ ಇಟ್ಟರೆ ಒಂದೊಂದು ಸೆಂಟೂ ಬಯಲಾಗುತ್ತದೆ. ಪರೀಕ್ಷೆ ಮಾಡುವಾಗ ಹಾರ್ಮೋನಿಯಂ ಧ್ವನಿಯೇ ಇಡಿ.

ಇನ್ನೊಂದು ಬಲೆ ಇದೆ. ಒಂದು ಕಾರ್ಡ್ ಚೊಕ್ಕ ಮಾಡುವುದು ಸುಲಭ, ನಡೆಸಿಕೊಂಡು ಹೋಗುವುದು ಕಷ್ಟ. ಸಿನಿಮಾ ಹಾಡುಗಳಲ್ಲಿ ಬರುವ ಒಂದು ಸುತ್ತು ಇದೆಯಲ್ಲ: ಸಾ ಕಾರ್ಡ್, ಧ ಕಾರ್ಡ್, ರೇ ಕಾರ್ಡ್, ಪ ಕಾರ್ಡ್, ಮತ್ತೆ ಸಾ. ಪ್ರತಿ ಹೆಜ್ಜೆಯಲ್ಲೂ ಹಿಂದಿನ ಕಾರ್ಡಿನ ಸ್ವರವನ್ನು ಹಾಗೇ ಹಿಡಿದು, ಮುಂದಿನದನ್ನು ಅದಕ್ಕೆ ಶುದ್ಧವಾಗಿ ಕೂಡಿಸುತ್ತಾ ಹೋಗಿ. ಸಾ 240, ಅದರಿಂದ ಧ 400. ಅದೇ 400 ಹಿಡಿದು ರೇ ಕೂಡಿಸಿದರೆ 266.7. ಅದರಿಂದ ಪ 355.6. ಅದರಿಂದ ಸಾ 237! ಎಲ್ಲ ಹೆಜ್ಜೆಯೂ ಸರಿ, ಮನೆಗೆ ಬಂದಾಗ ಮನೆಯೇ ಮೂರು ಕಂಪನ ಕೆಳಗೆ ಹೋಗಿದೆ. ಐದು ಸುತ್ತು ಹಾಕಿದರೆ ಬಿಳಿ ಒಂದು ಹೋಗಿ ಅದರ ಕೆಳಗಿನ ಮನೆಯನ್ನೂ ದಾಟಿರುತ್ತೀರಿ. ಜಗಳ ಮತ್ತೆ ಅದೇ ಧೈವತದ್ದು. ವಾದ್ಯ ಇಲ್ಲದೆ ಗುಂಪಾಗಿ ಹಾಡುವವರು ಹೀಗೆ ಜಾರುವ ಅಪಾಯ ಇರುತ್ತದೆ. ತಂಬೂರಿ ಹಚ್ಚಿಕೊಂಡ ನಿಮ್ಮ ಮಂಡಳಿಗೆ ಆ ಭಯ ಇಲ್ಲ, ತಂಬೂರಿ ಕಿವಿ ಹಿಡಿದು ವಾಪಸ್ ಎಳೆಯುತ್ತದೆ. ಹಾಗೆ ಎಳೆದಾಗ ರೇ ಕಾರ್ಡಿನಲ್ಲಿ ಯಾವುದೋ ಒಂದು ಸ್ವರ ಪೆಟ್ಟು ತಿನ್ನಲೇಬೇಕು.

ನಿಮಗೆ ನನ್ನ ಸಲಹೆ ಎರಡು ಥರ. ಭಜನೆಗೆ ನುಡಿಸುವಾಗ ಆಪ್ ಬಿಡಿ. ಕೀಬೋರ್ಡಿನ ಸೆಟ್ಟಿಂಗ್‌ನಲ್ಲಿ ಸ್ಕೇಲ್ ಟ್ಯೂನ್ ಅಂತ ಇದೆಯೇ ನೋಡಿ, ಬಹಳ ಮಾಡೆಲ್‌ಗಳಲ್ಲಿ ಇರುತ್ತದೆ. ಹನ್ನೆರಡು ಮನೆಯನ್ನೂ ಸೆಂಟ್ ಲೆಕ್ಕದಲ್ಲಿ ಏರಿಸಿ ಇಳಿಸಬಹುದು. ನಿಮ್ಮ ಸಾ ಯಾವ ಮನೆಯೋ ಅದನ್ನು ಸೊನ್ನೆ ಇಡಿ. ರೇ 4 ಏರಿಸಿ, ಗ 14 ಇಳಿಸಿ, ಮ 2 ಇಳಿಸಿ, ಪ 2 ಏರಿಸಿ, ಧ 16 ಇಳಿಸಿ, ನಿ 12 ಇಳಿಸಿ. ಕೋಮಲಗಳಲ್ಲಿ ರೇ 12, ಗ 16, ಧ 14 ಏರಿಸಿ. ತೀವ್ರ ಮ 10 ಇಳಿಸಿ. ಕೋಮಲ ನಿ ನಿಮ್ಮ ಇಷ್ಟ. 4 ಇಳಿಸಿದರೆ ಮಧ್ಯಮಕ್ಕೆ ಒಪ್ಪುತ್ತದೆ, 18 ಏರಿಸಿದರೆ ಕೋಮಲ ಗಂಧಾರಕ್ಕೆ, 31 ಇಳಿಸಿದರೆ ತಂಬೂರಿಯ ಆ 7ಕ್ಕೆ. ಸಾ, ಮ, ಪ ಮೂರೂ ಕಾರ್ಡ್ ನಿಶ್ಚಿಂತೆಯಿಂದ ಒತ್ತಿ. ರೇ ಕಾರ್ಡ್ ಬಂದಾಗ ಧೈವತ ಬಿಟ್ಟು ರೇ-ಮ ಅಷ್ಟೇ ಹಿಡಿಯಿರಿ, ಯಾರಿಗೂ ಗೊತ್ತಾಗುವುದಿಲ್ಲ. ಯಾರಾದರೂ ಬೇರೆ ಮನೆಯಲ್ಲಿ ಹಾಡಲು ಎದ್ದರೆ ಕೈಯಿಂದ ಮನೆ ಬದಲಿಸಬೇಡಿ, ಟ್ರಾನ್ಸ್‌ಪೋಸ್ ಬಟನ್ ಒತ್ತಿ. ಇಲ್ಲದಿದ್ದರೆ ನನ್ನ ಜಾತ್ರೆಯ ಕಥೆಯೇ ಆಗುತ್ತದೆ.

ಮನೆಯಲ್ಲಿ ಕೂತು ಕಾರ್ಡ್ ಹುಡುಕುವ ಆಸೆ ಇದ್ದರೆ ಆಪ್‌ನಲ್ಲಿ 22 ಅಳಿಸಿ 53 ಹಾಕಿ. ತುರ್ಕಿಯವರು ಒಂದು ಪೂರ್ತಿ ಸ್ವರಕ್ಕೆ ಒಂಬತ್ತು ಕಾಮಾ ಎಂದು ಎಣಿಸುವುದು ಈ ಲೆಕ್ಕದಲ್ಲೇ. ಒಂದು ಪಾಲು 22.6 ಸೆಂಟ್, ನಮ್ಮ ಜಗಳದ ಪಾಲಿನಷ್ಟೇ. ಸಾ 0, ರೇ 9, ಗ 17, ಮ 22, ಪ 31, ನಿ 48, ಮೇಲಿನ ಸಾ 53. ಪಂಚಮ 701.9, ತಂಬೂರಿಗೆ ಕೂಡದೆ ಇದ್ದರೆ ಕೇಳಿ. ಧೈವತಕ್ಕೆ ಎರಡು ಜಾಗ, 39 ಮತ್ತು 40. ನಮ್ಮ ಲೆಕ್ಕದಲ್ಲಿ 399.7 ಮತ್ತು 405. ಇಬ್ಬರು ಹಕ್ಕುದಾರರಿಗೂ ಪಟ್ಟಾ ಸಿಕ್ಕಿತು. 53 ಮನೆ ನುಡಿಸಲು ಯಾರ ಬೆರಳೂ ಸಾಲದು. ಹಾಗಾಗಿ ಮಗನಿಗೆ ಹೇಳಿ, ಈ ಎಂಟು ಸ್ವರವನ್ನು ಮಾತ್ರ ಕೀಬೋರ್ಡಿಗೆ ಹೊಂದಿಸಲಿ. 39 ಬಿಳಿ ಮನೆಯಲ್ಲಿರಲಿ, 40 ಅದರ ಬಲಕ್ಕಿರುವ ಕರಿ ಮನೆಯಲ್ಲಿ. ಮ-ಧ-ಸಾ ಒತ್ತುವಾಗ ಬಿಳಿ, ರೇ-ಧ ಒತ್ತುವಾಗ ಕರಿ. ಎರಡನ್ನೂ ಒಟ್ಟಿಗೆ ಒಂದು ಸಲ ಒತ್ತಿ ನೋಡಿ. ಸೆಕೆಂಡಿಗೆ ಐದು ಹೊಡೆತ ಕೇಳುತ್ತದೆ, ಎಣಿಸಬಹುದು.